ಆರ್ಕಿಯಾಪ್ಟೆರಿಕ್ಸ್: ‘ಮೊದಲ ಹಕ್ಕಿ’ಯ ಜಗಳ ಮತ್ತು ಮೇಲ್ದೋಳಿನ ಗರಿಗಳು

2025ರಲ್ಲಿ ಮೂರು ತಿಂಗಳ ಅಂತರದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎರಡು ಪುರಾತನ ಹಕ್ಕಿಗಳ ಸುದ್ದಿ ಬಂತು. ಫೆಬ್ರುವರಿಯದು ಚೀನಾದ ಫುಜಿಯಾನ್ ಪ್ರಾಂತದ ಝೆಂಗ್‌ಹೆಯಲ್ಲಿ ಸಿಕ್ಕ ಬಾಮಿನಾರ್ನಿಸ್. ಮೇ ತಿಂಗಳದ್ದು ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿರುವ, ಪಾರಿವಾಳದ ಗಾತ್ರದ ಒಂದು ಆರ್ಕಿಯಾಪ್ಟೆರಿಕ್ಸ್. ಎರಡಕ್ಕೂ ಸುಮಾರು 15 ಕೋಟಿ ವರ್ಷ ವಯಸ್ಸು. ಸುದ್ದಿಮನೆಗಳು ಎಂದಿನಂತೆ ಕೇಳಿದ್ದು ಒಂದೇ: ಹಾಗಾದರೆ ಮೊದಲ ಹಕ್ಕಿ ಯಾವುದು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಕೂತರೆ ಎರಡೂ ಪಳೆಯುಳಿಕೆಗಳ ಬೆಲೆ ಕೈತಪ್ಪುತ್ತದೆ. ಹಕ್ಕಿ ಅನ್ನುವ ಪ್ರಾಣಿ ಒಂದು ದಿನ ಇಡಿಯಾಗಿ ಮೊಟ್ಟೆಯೊಡೆದು ಬರಲಿಲ್ಲ. ಗರಿ ಒಂದು ಕಾಲಕ್ಕೆ, ಹಾರುವ ರೆಕ್ಕೆ ಬೇರೊಂದು ಕಾಲಕ್ಕೆ, ಮೋಟು ಬಾಲ, ಹಲ್ಲಿಲ್ಲದ ಕೊಕ್ಕು, ಬೇಗ ಬೆಳೆಯುವ ಮೂಳೆ ಇನ್ಯಾವಾಗಲೋ, ಹೀಗೆ ಕಂತು ಕಂತಾಗಿ ಸೇರಿದವು. ಯಾವುದರ ಹಿಂದೆ ಯಾವುದು ಬಂತು ಅನ್ನುವ ಸರದಿ ನಮಗೆ ಬೇಕಾದದ್ದು. ಆ ಸರದಿಯ ಒಂದು ಹಂತವನ್ನು ಆರ್ಕಿಯಾಪ್ಟೆರಿಕ್ಸ್‌ನಷ್ಟು ವಿವರವಾಗಿ ತೋರಿಸಿದ ಪ್ರಾಣಿ ಇನ್ನೊಂದಿಲ್ಲ.

ಮೊದಲು ಇವತ್ತಿನ ಹಕ್ಕಿಯೊಂದನ್ನು ಬಿಡಿಸಿ ನೋಡೋಣ. ಕೋಳಿ ಸಾರು ಮಾಡುವ ಮನೆಯಾದರೆ ತುಂಡು ಮಾಡಿಸದೆ ಇಡೀ ಕೋಳಿ ತಂದರೆ ಸಾಕು. ರೆಕ್ಕೆಯಲ್ಲಿ ಮೂರು ಭಾಗ ಇವೆ. ಮೈಗೆ ಅಂಟಿಕೊಂಡ ದಪ್ಪ ತುಂಡಿನಲ್ಲಿ ಒಂದೇ ಮೂಳೆ, ಅದು ನಮ್ಮ ಮೇಲ್ದೋಳಿಗೆ ಸಮ. ನಡುವಿನ ತುಂಡಿನಲ್ಲಿ ಎರಡು ಮೂಳೆ, ಅದು ಮುಂಗೈ. ತುದಿಯ ಚೂಪು ತುಂಡು ಅಂಗೈ ಮತ್ತು ಬೆರಳು ಬೆಸೆದುಕೊಂಡದ್ದು. ಕುತ್ತಿಗೆಯ ಬುಡದಲ್ಲಿ ಬೆರಳಾಡಿಸಿದರೆ ‘ವಿ’ ಆಕಾರದ ತೆಳು ಮೂಳೆ ಸಿಗುತ್ತದೆ. ಎರಡು ಕೊರಳೆಲುಬುಗಳು ಒಂದಾಗಿ ಆದ ಈ ಮೂಳೆಯನ್ನು ಕವಲುಮೂಳೆ ಎಂದು ಕರೆಯೋಣ. ಎದೆಯ ನಡುವೆ ದೋಣಿಯ ತಳದ ಹಾಗೆ ಎದ್ದು ನಿಂತ ಏಣು ಇದೆ. ಅದರ ಎರಡು ಪಕ್ಕದ ಮಾಂಸವನ್ನು ಎಳೆದು ನೋಡಿದರೆ ಎರಡು ಪದರ ಬಿಡಿಸಿಕೊಳ್ಳುತ್ತವೆ. ಹೊರಗಿನ ದಪ್ಪ ಪದರ ರೆಕ್ಕೆಯನ್ನು ಕೆಳಕ್ಕೆ ಬಡಿಯುತ್ತದೆ. ಒಳಗಿನ ಉದ್ದನೆಯ ಸಣ್ಣ ಪದರ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ. ಕೆಳಗಿರುವ ಮಾಂಸ ಮೇಲಕ್ಕೆ ಎತ್ತುವುದು ಹೇಗೆ? ಅದರ ಸ್ನಾಯುರಜ್ಜು ಭುಜದ ಮೂಳೆಗಳ ನಡುವಿನ ಕಿಂಡಿಯಲ್ಲಿ ತೂರಿ, ಬಾವಿ ರಾಟೆಯ ಹಗ್ಗದ ಹಾಗೆ ತಿರುಗಿ, ತೋಳಿನ ಮೇಲ್ಭಾಗಕ್ಕೆ ಕಟ್ಟಿಕೊಂಡಿದೆ. ಕೊನೆಗೆ ಬಾಲ. ಕೊಬ್ಬಿನ ಆ ಗುಜ್ಜು ತುಂಡಿನೊಳಗೆ ಕೊನೆಯ ಕೆಲವು ಬಾಲದ ಮಣಿಗಳು ಬೆಸೆದು ಆದ ಒಂದು ಮೊಂಡು ಮೂಳೆ ಇದೆ, ಬಾಲದ ಗರಿಗಳು ನಾಟಿಕೊಳ್ಳುವುದು ಅದರ ಸುತ್ತ.

ಈಗ ಆರ್ಕಿಯಾಪ್ಟೆರಿಕ್ಸ್. ಗರಿ ಇದೆ, ಕವಲುಮೂಳೆ ಇದೆ. ಎದೆಯ ಏಣು ಇಲ್ಲ, ಭುಜದ ರಾಟೆ ಇಲ್ಲ. ಬಾಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಿಡಿ ಮಣಿಗಳು, ಹಲ್ಲಿಯ ಬಾಲದ ಹಾಗೆ ಉದ್ದ. ಕೈಯಲ್ಲಿ ಬೆಸೆಯದ ಮೂರು ಬೆರಳು, ಮೂರಕ್ಕೂ ಕೊಕ್ಕೆಯುಗುರು. ಬಾಯಲ್ಲಿ ಹಲ್ಲು. ಗರಿಗಳನ್ನು ಕಿತ್ತುಹಾಕಿದರೆ ಉಳಿಯುವುದು ಸಣ್ಣ ಮಾಂಸಾಹಾರಿ ಡೈನೋಸಾರ್ ಅಸ್ಥಿಪಂಜರ. ಇದು ಉತ್ಪ್ರೇಕ್ಷೆಯಲ್ಲ. ಗರಿಯ ಗುರುತು ಮಸುಕಾಗಿದ್ದ ಒಂದು ಪಳೆಯುಳಿಕೆ ಮಾದರಿ ಕಾಂಪ್ಸೊಗ್ನೇಥಸ್ ಎಂಬ ಪುಟ್ಟ ಡೈನೋಸಾರ್ ಎಂಬ ಚೀಟಿ ಹೊತ್ತು ವರ್ಷಗಟ್ಟಲೆ ಕುಳಿತಿತ್ತು. ಅದರ ನಿಜ ಗುರುತು ತಿಳಿದದ್ದು 1980ರ ದಶಕದಲ್ಲಿ.

ಕಲ್ಲಚ್ಚಿನ ಕಲ್ಲು

ಈ ಪ್ರಾಣಿಯ ಪೂರ್ತಿ ಹೆಸರು ಆರ್ಕಿಯಾಪ್ಟೆರಿಕ್ಸ್ ಲಿಥೋಗ್ರಾಫಿಕಾ. ಮೊದಲ ಪದಕ್ಕೆ ‘ಪುರಾತನ ರೆಕ್ಕೆ’ ಎಂದರ್ಥ. ಎರಡನೆಯದು ಅದು ಸಿಕ್ಕ ಕಲ್ಲಿನ ಹೆಸರು. ಜರ್ಮನಿಯ ಬವೇರಿಯಾದ ಸೋಲ್ನ್‌ಹೋಫೆನ್ ಸುತ್ತಮುತ್ತಲ ಸುಣ್ಣಕಲ್ಲು ಎಷ್ಟು ನಯವೆಂದರೆ, 1796ರಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಅದರ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಕಾಗದಕ್ಕೆ ಒತ್ತುವ ಮುದ್ರಣವನ್ನೇ ಕಂಡುಹಿಡಿದ. ಆ ಮುದ್ರಣ ನಮಗೆ ಕಲ್ಲಚ್ಚು ಎಂದು ಗೊತ್ತು. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಅಚ್ಚಾದದ್ದು ಇದೇ ವಿಧಾನದಲ್ಲಿ. ಮುದ್ರಣಕ್ಕೆಂದು ಜಗತ್ತು ಕಲ್ಲು ಕೇಳುತ್ತಿದ್ದರಿಂದ ಅಲ್ಲಿನ ಕೆಲಸಗಾರರು ಗಣಿಯನ್ನು ಪದರ ಪದರವಾಗಿ, ಯಂತ್ರವಿಲ್ಲದೆ ಕೈಯಲ್ಲೇ ಬಿಡಿಸುತ್ತಿದ್ದರು. ಪ್ರತಿ ಹಲಗೆಯ ಎರಡೂ ಮುಖದ ಮೇಲೆ ಮನುಷ್ಯರ ಕಣ್ಣು ಬೀಳುತ್ತಿತ್ತು. ಸಿಡಿಮದ್ದು ಇಟ್ಟು ಪುಡಿ ಮಾಡುವ ಗಣಿಯಾಗಿದ್ದರೆ ಹಕ್ಕಿಗಳ ಚರಿತ್ರೆಯ ಈ ಅಧ್ಯಾಯ ಜಲ್ಲಿಯಾಗಿ ರಸ್ತೆಗೆ ಬೀಳುತ್ತಿತ್ತು.

ಕಲ್ಲಿನಲ್ಲಿ ಎರಡು ಬಗೆ. ಗಟ್ಟಿ ಹಲಗೆಗೆ ಅಲ್ಲಿನವರು ಫ್ಲಿನ್ಜ್ ಎನ್ನುತ್ತಾರೆ, ನಡುನಡುವೆ ಬರುವ ಮೆದು ಪದರಕ್ಕೆ ಫಾಯ್ಲೆ. 15 ಕೋಟಿ ವರ್ಷದ ಹಿಂದೆ ಅದು ಹವಳದ ದಿಬ್ಬ ಮತ್ತು ದ್ವೀಪಗಳ ನಡುವಿನ ಹಿನ್ನೀರು. ತಳದ ನೀರು ಅತಿ ಉಪ್ಪು, ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಬಿದ್ದ ಹೆಣವನ್ನು ತಿನ್ನಲು ಏಡಿಯಿಲ್ಲ, ಕೆದಕಲು ಹುಳುವಿಲ್ಲ. ಹಿಟ್ಟಿನಂಥ ಸುಣ್ಣದ ಕೆಸರು ಮೆಲ್ಲಗೆ ಮುಚ್ಚಿಕೊಂಡಿತು. ಗರಿಯ ಎಳೆ ಎಳೆಯೂ ಅಚ್ಚಾದದ್ದು ಹಾಗೆ. ಹಲಗೆ ಸೀಳಿದಾಗ ಪಳೆಯುಳಿಕೆ ಎರಡು ಮುಖಕ್ಕೂ ಹಂಚಿಹೋಗುತ್ತದೆ: ಒಂದರಲ್ಲಿ ಮೂಳೆ ಹೆಚ್ಚು, ಎದುರು ಹಲಗೆಯಲ್ಲಿ ಅದರ ಅಚ್ಚು.

1861ರಲ್ಲಿ ಜರ್ಮನಿಯ ಪಳೆಯುಳಿಕೆ ತಜ್ಞ ಹೆರ್ಮನ್ ಫಾನ್ ಮೇಯರ್ ಹೆಸರಿಟ್ಟದ್ದು ಒಂದು ಬಿಡಿ ಗರಿಗೆ. ಜೀವವಿಕಾಸ ಕುರಿತ ಡಾರ್ವಿನ್ ಪುಸ್ತಕ ಬಂದು ಆಗ ಎರಡು ವರ್ಷವೂ ಕಳೆದಿರಲಿಲ್ಲ. ಅದೇ ವರ್ಷ ಗರಿಸಮೇತ ಅಸ್ಥಿಪಂಜರವೂ ಸಿಕ್ಕಿತು. ವೈದ್ಯ ಕಾರ್ಲ್ ಹೇಬರ್ಲೈನ್ ಕೈಯಲ್ಲಿದ್ದ ಅದನ್ನು, ಇತರ ಪಳೆಯುಳಿಕೆಗಳ ಜೊತೆ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ 700 ಪೌಂಡ್‌ಗೆ ಕೊಂಡಿತು. ಎಲ್ಲಕ್ಕಿಂತ ಚೆಂದದ್ದು ಮುಂದಿನ ದಶಕದಲ್ಲಿ ಐಷ್ಟೆಟ್ ಬಳಿ ಸಿಕ್ಕಿತು. ಕಂಡ ರೈತನಿಗೆ ಹಸು ಕೊಳ್ಳಲು ದುಡ್ಡು ಬೇಕಿತ್ತು, ಮಾರಿಬಿಟ್ಟ. ಕೈಯಿಂದ ಕೈಗೆ ದಾಟಿ, ಕೊನೆಗೆ ಉದ್ಯಮಿ ವೆರ್ನರ್ ಫಾನ್ ಸೀಮೆನ್ಸ್ ಹಣಕಾಸಿನ ನೆರವಿನಿಂದ 20,000 ಮಾರ್ಕ್‌ಗೆ ಬರ್ಲಿನ್ ಸೇರಿತು. ಪಠ್ಯಪುಸ್ತಕಗಳಲ್ಲಿ ಕತ್ತು ಹಿಂದಕ್ಕೆ ಬಾಗಿಸಿ ರೆಕ್ಕೆ ಚಾಚಿ ಮಲಗಿರುವುದು ಅದೇ.

ಒಂದು ತೆಳು ಮೂಳೆ ಮಾಡಿದ ಅವಾಂತರ

ಹಕ್ಕಿಗಳು ಡೈನೋಸಾರ್ ವಂಶದವು ಎನ್ನುವುದು ಹೊಸ ಮಾತಲ್ಲ. ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ 1860ರ ದಶಕದ ಕೊನೆಗೇ ಸೊಂಟ ಮತ್ತು ಕಾಲಿನ ಮೂಳೆಗಳನ್ನು ಮುಂದಿಟ್ಟು ಹೇಳಿದ್ದ. ನಡುವೆ ಅರ್ಧ ಶತಮಾನ ಆ ವಿಚಾರ ಮೂಲೆಗೆ ಬಿತ್ತು. ಕಾರಣ ಕವಲುಮೂಳೆ. 1926ರಲ್ಲಿ ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್ಮನ್ ಎರಡೂ ಗುಂಪುಗಳ ಹೋಲಿಕೆಯನ್ನು ಸಾಲುಸಾಲಾಗಿ ಪಟ್ಟಿಮಾಡಿ, ಕೊನೆಯಲ್ಲಿ ತಾನೇ ತಳ್ಳಿಹಾಕಿದ. ಡೈನೋಸಾರ್‌ಗಳಿಗೆ ಕೊರಳೆಲುಬೇ ಇಲ್ಲ, ಒಮ್ಮೆ ಕಳೆದುಹೋದ ಮೂಳೆ ಮತ್ತೆ ಹುಟ್ಟುವುದಿಲ್ಲ, ಆದ್ದರಿಂದ ಅವು ಹಕ್ಕಿಗಳ ಪೂರ್ವಜರಾಗಲಾರವು ಎಂಬುದು ಅವನ ವಾದ. ತರ್ಕ ಬಿಗಿಯಾಗಿತ್ತು, ಮಾಹಿತಿ ತಪ್ಪಾಗಿತ್ತು. 1924ರಲ್ಲೇ ವಿವರಿಸಿದ್ದ ಓವಿರ‍್ಯಾಪ್ಟರ್ ಡೈನೋಸಾರ್‌ನಲ್ಲಿ ಕವಲುಮೂಳೆ ಇತ್ತು, ಅದನ್ನು ಬೇರೆ ಮೂಳೆ ಎಂದು ತಪ್ಪಾಗಿ ಗುರುತಿಸಿದ್ದರು. ಕೋಳಿಯಲ್ಲಿ ನೋಡಿದಿರಲ್ಲ, ಕಡ್ಡಿಯಷ್ಟು ತೆಳ್ಳಗಿನ ಮೂಳೆ. ಹೆಣ ಕೊಳೆಯುವಾಗ ಮೊದಲು ಕಳಚಿ ಹೋಗುವಂಥದ್ದು, ಉಳಿದರೂ ಪಕ್ಕೆಲುಬಿನ ಚೂರಿನ ಹಾಗೆ ಕಾಣುವಂಥದ್ದು. ‘ಸಿಕ್ಕಿಲ್ಲ’ ಎಂಬುದನ್ನು ‘ಇರಲಿಲ್ಲ’ ಎಂದು ಓದಿಕೊಂಡರೆ ಆಗುವುದು ಇದೇ.

1964ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಡೈನೋನಿಕಸ್ ಎಂಬ ಡೈನೋಸಾರ್ ಸಿಕ್ಕಮೇಲೆ ಪಳೆಯುಳಿಕೆ ತಜ್ಞ ಜಾನ್ ಆಸ್ಟ್ರಮ್ ಅದರ ಮಣಿಕಟ್ಟನ್ನೂ ಆರ್ಕಿಯಾಪ್ಟೆರಿಕ್ಸ್‌ನ ಮಣಿಕಟ್ಟನ್ನೂ ಅಕ್ಕಪಕ್ಕ ಇಟ್ಟು ಹಳೆಯ ವಾದಕ್ಕೆ ಮರುಜೀವ ಕೊಟ್ಟ. 1996ರಲ್ಲಿ ಚೀನಾದ ಲಿಯಾವೊನಿಂಗ್‌ನಿಂದ ಸೈನೊಸಾರಾಪ್ಟೆರಿಕ್ಸ್ ಬಂತು: ಹಾರಲಾರದ ಡೈನೋಸಾರ್, ಮೈಮೇಲೆ ನಯವಾದ ಗರಿರೋಮ. ಅಲ್ಲಿಗೆ ಗರಿ ಹಕ್ಕಿಗಳ ಸ್ವಂತ ಆಸ್ತಿ ಎಂಬ ಮಾತು ಮುಗಿಯಿತು. ಗರಿ ಹುಟ್ಟಿದ್ದು ಹಾರುವುದಕ್ಕಲ್ಲ, ಮೈ ಬೆಚ್ಚಗಿಡಲು ಅಥವಾ ಮೆರೆಯಲು. ಹಾರಾಟಕ್ಕೆ ಅದನ್ನು ಬಳಸಿಕೊಂಡದ್ದು ಆಮೇಲೆ.

ಗರಿಯಿದ್ದ ಮಾತ್ರಕ್ಕೆ ಹಾರಲಾದೀತೇ?

ಅಂಗಳದಲ್ಲಿ ಪಾರಿವಾಳದ ರೆಕ್ಕೆಗರಿ ಬಿದ್ದಿದ್ದರೆ ಎತ್ತಿಕೊಳ್ಳಿ. ನಡುವಿನ ದಿಂಡು ಸರಿಯಾಗಿ ನಡುವೆ ಇರುವುದಿಲ್ಲ. ಒಂದು ಅಂಚು ಕಿರಿದು, ಇನ್ನೊಂದು ಅಗಲ. ಕಿರಿದಾದ ಅಂಚು ಗಾಳಿಗೆ ಮುಖ ಮಾಡುವ ಕಡೆ. ದಿಂಡು ನಡುವೆಯೇ ಇದ್ದಿದ್ದರೆ ಎದುರುಗಾಳಿಗೆ ಗರಿ ತಿರುಚಿಕೊಂಡು ಪಟಪಟ ಅಲ್ಲಾಡುತ್ತಿತ್ತು. ಅದೇ ಹಕ್ಕಿಯ ಎದೆಯ ಪುಕ್ಕದಲ್ಲಿ ಎರಡೂ ಕಡೆ ಸಮ. ಆರ್ಕಿಯಾಪ್ಟೆರಿಕ್ಸ್‌ನ ರೆಕ್ಕೆಗರಿ ಮೊದಲನೆಯ ಬಗೆಯದು. ಹಾಗಂತ ಅಷ್ಟಕ್ಕೇ ಹಾರಾಟ ಸಾಬೀತಾಗಲಿಲ್ಲ. ದಿಂಡು ತೀರಾ ಸಪೂರ, ರೆಕ್ಕೆ ಬಡಿತದ ಭಾರ ತಾಳದೆ ಬಾಗಿಬಿಡುತ್ತಿತ್ತು ಎಂದು 2010ರಲ್ಲಿ ಒಂದು ಲೆಕ್ಕಾಚಾರ ಬಂತು. ಅಳತೆಯೇ ಸರಿಯಿಲ್ಲ ಎಂದು ಇತರರು ಎದುರು ನಿಂತರು. 2018ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನ್ ಎಂಬ, ಅತಿ ಪ್ರಖರ ಎಕ್ಸ್‌ರೇ ಹೊಮ್ಮಿಸುವ ಯಂತ್ರದಲ್ಲಿ ಮೂಳೆಗಳನ್ನು ಒಡೆಯದೆ ಒಳಗಿಂದ ನೋಡಿದರು. ತೋಳಿನ ಮೂಳೆಯ ಗೋಡೆಯ ದಪ್ಪ ಮತ್ತು ತಿರುಚು ತಾಳುವ ಆಕಾರ ಫೆಸೆಂಟ್ ಹಕ್ಕಿಗಳಂಥ ಚುಟುಕು ಹಾರಾಟಗಾರರಿಗೆ ಹತ್ತಿರವಿತ್ತು. ನಮ್ಮ ಕಾಡುಕೋಳಿ, ನವಿಲು, ಗೌಜಲಕ್ಕಿಗಳ ಬಳಗ ಅದು: ಅಪಾಯ ಬಂದಾಗ ದಡಬಡ ಎದ್ದು, ಒಂದಷ್ಟು ದೂರ ಹಾರಿ, ಮತ್ತೆ ಇಳಿಯುವವು.

ಉಳಿದಿದ್ದ ಒಂದು ತೊಡಕನ್ನು ಬಿಡಿಸಿದ್ದು ಶಿಕಾಗೋ ಮಾದರಿ. ಆರ್ಕಿಯಾಪ್ಟೆರಿಕ್ಸ್‌ನ ಮೇಲ್ದೋಳು ಇವತ್ತಿನ ಬಹುಪಾಲು ಹಕ್ಕಿಗಳದ್ದಕ್ಕಿಂತ ಉದ್ದ. ಹಾರುವ ಗರಿಗಳು ಕೈಗೆ ಮತ್ತು ಮುಂಗೈಗೆ ನಾಟಿಕೊಂಡಿರುತ್ತವೆ. ಹಾಗಾದರೆ ಮೊಣಕೈಯಿಂದ ಮೈವರೆಗೆ ಏನಿತ್ತು? ಅಲ್ಲಿ ಖಾಲಿಯಿದ್ದರೆ ರೆಕ್ಕೆಯ ಕೆಳಗಿನ ಹೆಚ್ಚು ಒತ್ತಡದ ಗಾಳಿ ಆ ಕಿಂಡಿಯಲ್ಲಿ ಮೇಲಕ್ಕೆ ನುಗ್ಗಿ ಸೋರಿಹೋಗುತ್ತದೆ, ಮೈಯನ್ನು ಎತ್ತುವ ಬಲ ಕುಸಿಯುತ್ತದೆ. ಬುಡದಲ್ಲಿ ತೂತಿರುವ ಕೊಡೆ ಹಿಡಿದು ಗಾಳಿಗೆ ಓಡಿದ ಹಾಗೆ. ಇವತ್ತಿನ ಹಕ್ಕಿಗಳು ಈ ಜಾಗವನ್ನು ಎರಡು ರೀತಿ ಮುಚ್ಚಿವೆ: ಮೇಲ್ದೋಳನ್ನೇ ಗಿಡ್ಡ ಮಾಡಿಕೊಂಡಿವೆ, ಜೊತೆಗೆ ಮೊಣಕೈ ಪಕ್ಕದಲ್ಲಿ ‘ಟರ್ಷಿಯಲ್’ ಎಂಬ ವಿಶೇಷ ಗರಿಗಳ ಗೊಂಚಲು ಬೆಳೆಸಿಕೊಂಡಿವೆ.

ಜಿಂಗ್‌ಮಾಯ್ ಓ’ಕಾನರ್ ಎಂಬ ವಿಜ್ಞಾನಿಯ ತಂಡ ಶಿಕಾಗೋ ಮಾದರಿಯಲ್ಲಿ ಕಂಡದ್ದು ಆ ಟರ್ಷಿಯಲ್‌ಗಳನ್ನೇ. ಈ ಮಾದರಿಯಲ್ಲಿ ರೆಕ್ಕೆಗಳು ಮೈಯಿಂದ ತುಸು ಬಿಡಿಯಾಗಿ ಮಲಗಿದ್ದರಿಂದ ಬುಡದ ಗರಿಗಳು ಮೈಗರಿಗಳಲ್ಲಿ ಕಲಸಿಹೋಗಿಲ್ಲ. ಇನ್ನೊಂದು ಕಡೆ, ಹತ್ತಿರದ ಬಂಧುಗಳಾದ ಹಾರದ ಗರಿ-ಡೈನೋಸಾರ್‌ಗಳಲ್ಲಿ ಉದ್ದ ಗರಿಗಳ ಸಾಲು ಮೊಣಕೈಗೆ ನಿಲ್ಲುತ್ತದೆ. ಮೆರೆಯುವುದಕ್ಕಾದರೆ ಅಷ್ಟು ಸಾಕು, ಕಿಂಡಿ ಇದ್ದರೂ ನಷ್ಟವಿಲ್ಲ. ಮುಚ್ಚಲೇಬೇಕಾದ ಅಗತ್ಯ ಬರುವುದು ಗಾಳಿಯ ಮೇಲೆ ಭಾರ ಹೊರಿಸುವ ಪ್ರಾಣಿಗೆ. ಆರ್ಕಿಯಾಪ್ಟೆರಿಕ್ಸ್ ಹಾರುತ್ತಿತ್ತು ಎನ್ನಲು ಇದುವರೆಗೆ ಸಿಕ್ಕ ಸಾಕ್ಷ್ಯಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾದದ್ದು ಇದು, ಏಕೆಂದರೆ ಇಲ್ಲಿ ಅಂದಾಜಿನ ಬಲಲೆಕ್ಕವಿಲ್ಲ. ಇರಲೇಬೇಕಾದ ಕಡೆ ಗರಿ ಇದೆ, ಅಷ್ಟೆ.

ಹೇಗೆ ಹಾರುತ್ತಿತ್ತು ಎಂಬುದು ಬೇರೆ ಮಾತು. ಭುಜದಲ್ಲಿ ರಾಟೆ ಇಲ್ಲದ್ದರಿಂದ ರೆಕ್ಕೆಯನ್ನು ಬೆನ್ನಿನ ಮೇಲೆ ಎತ್ತರಕ್ಕೆ ಒಯ್ಯಲು ಕಷ್ಟ. ಏಣಿಲ್ಲದ ಎದೆಯಲ್ಲಿ ದೊಡ್ಡ ಸ್ನಾಯುವಿಗೆ ಜಾಗವಿಲ್ಲ. ಪಾರಿವಾಳದ ಹಾಗೆ ನಿಂತಲ್ಲಿಂದ ನೆಟ್ಟಗೆ ಮೇಲೇಳುವುದು ಇದರ ಕೈಲಾಗದ ಕೆಲಸ. ಕಾಲಬೆರಳುಗಳ ಕೆಳಗಿನ ಮೆತ್ತೆಗಳ ಗುರುತು ಕೂಡ ಶಿಕಾಗೋ ಮಾದರಿಯಲ್ಲಿ ಉಳಿದಿದೆ. ಅವು ಹೇಳುವುದು ಹೆಚ್ಚು ಹೊತ್ತು ನೆಲದ ಮೇಲೆ ಓಡಾಡಿಕೊಂಡು, ಬೇಕಾದಾಗ ಮರ ಹತ್ತಬಲ್ಲ ಪ್ರಾಣಿಯ ಕತೆ. ಬೆಳವಣಿಗೆಯಲ್ಲೂ ಅದು ಹಳೆಯ ಮನೆತನದ್ದೇ: ಮೂಳೆಯ ಸೂಕ್ಷ್ಮರಚನೆ ನೋಡಿ 2009ರಲ್ಲಿ ಮಾಡಿದ ಅಂದಾಜಿನಂತೆ ಪೂರ್ತಿ ಬೆಳೆಯಲು ಎರಡೂವರೆ ವರ್ಷ ಮೀರುತ್ತಿತ್ತು. ನಮ್ಮ ಬ್ರಾಯ್ಲರ್ ಆರು ವಾರಕ್ಕೆ ಅಂಗಡಿಗೆ ಬರುತ್ತದೆ. ಅದು ಮನುಷ್ಯರು ಆಯ್ದು ಬೆಳೆಸಿದ ತಳಿ ನಿಜ, ಆದರೆ ಗುಬ್ಬಿ ಮರಿಯೂ ಎರಡು ವಾರದಲ್ಲಿ ಗೂಡು ಬಿಡುತ್ತದೆ. ಹಾರಾಟ ಮೊದಲು ಬಂತು, ವೇಗದ ಬೆಳವಣಿಗೆ ಆಮೇಲೆ. ಸರದಿ ಎಂದರೆ ಇದು.

ಮುತ್ತಜ್ಜನೋ, ಮುತ್ತಜ್ಜನ ತಮ್ಮನೋ

ಇನ್ನು ಫುಜಿಯಾನ್‌ನ ಬಾಮಿನಾರ್ನಿಸ್. ವಾಂಗ್ ಮಿನ್ ತಂಡ ವಿವರಿಸಿದ ಈ ಹಕ್ಕಿಗೆ ಕೋಳಿಯ ಹಾಗೆ ಮೋಟು ಬಾಲ, ಕೊನೆಯ ಮಣಿಗಳು ಬೆಸೆದಿವೆ. ಜುರಾಸಿಕ್ ಕಾಲದಲ್ಲಿ ಇಂಥ ಬಾಲದ ಹಕ್ಕಿ ಸಿಕ್ಕಿದ್ದು ಇದೇ ಮೊದಲು. ಅದಕ್ಕೂ ಮೊದಲು ಗೊತ್ತಿದ್ದ ಮೋಟು ಬಾಲದ ಹಕ್ಕಿಗಳೆಲ್ಲ ಸುಮಾರು ಎರಡು ಕೋಟಿ ವರ್ಷ ಈಚಿನವು. ಉದ್ದ ಬಾಲದ ಆರ್ಕಿಯಾಪ್ಟೆರಿಕ್ಸ್ ಬವೇರಿಯಾದಲ್ಲಿ ಓಡಾಡುತ್ತಿದ್ದ ಕಾಲಕ್ಕೇ ಮೋಟು ಬಾಲದ್ದು ಏಷ್ಯಾದಲ್ಲಿತ್ತು ಎಂದಾದರೆ, ಒಂದು ಇನ್ನೊಂದರ ಅಜ್ಜಿಯಾಗಿರುವ ಸಾಧ್ಯತೆ ತೀರಾ ಕಡಿಮೆ. ಎರಡೂ ಅದಕ್ಕೂ ಹಳೆಯ ಒಂದು ಮನೆಯಿಂದ ಕವಲೊಡೆದವು. ಆರ್ಕಿಯಾಪ್ಟೆರಿಕ್ಸ್ ಇವತ್ತಿನ ಹಕ್ಕಿಗಳ ಮುತ್ತಜ್ಜನಲ್ಲ, ಮುತ್ತಜ್ಜನ ತಮ್ಮ. ಮುತ್ತಜ್ಜನ ಫೋಟೊ ಇಲ್ಲದ ಮನೆಯಲ್ಲಿ ತಮ್ಮನ ಫೋಟೊ ನೋಡಿ ಮುಖಚಹರೆ ಊಹಿಸುತ್ತೇವಲ್ಲ, ಅದೇ ಉಪಯೋಗ.

‘ಕಾಣೆಯಾದ ಕೊಂಡಿ’ ಎಂಬ ಪದ ಕನ್ನಡ ಪತ್ರಿಕೆಗಳಲ್ಲಿ ಇನ್ನೂ ಓಡಾಡುತ್ತಿದೆ. ಅದನ್ನು ಬಿಡುವುದು ಒಳ್ಳೆಯದು. ಸರಪಳಿ ಎಂದ ಕೂಡಲೆ ಒಂದರ ಹಿಂದೆ ಒಂದು ಎಂಬ ಚಿತ್ರ ಮೂಡುತ್ತದೆ, ನಿಜದಲ್ಲಿರುವುದು ಆಲದ ಮರದಂಥ ಕವಲುಗಳ ಗೋಜಲು. ಈ ಗೋಜಲಿನಲ್ಲೇ 2011ರಲ್ಲಿ ಚೀನಾದ ಪಳೆಯುಳಿಕೆ ತಜ್ಞ ಷು ಷಿಂಗ್ ತಂಡ ಶಿಯಾವೊಟಿಂಗಿಯಾ ಎಂಬ ಹೊಸ ಪ್ರಾಣಿಯನ್ನು ಸೇರಿಸಿ ಲೆಕ್ಕ ಹಾಕಿದಾಗ ಆರ್ಕಿಯಾಪ್ಟೆರಿಕ್ಸ್ ಹಕ್ಕಿಗಳ ಕೊಂಬೆಯಿಂದ ಡೈನೋನಿಕಸ್‌ನ ಕೊಂಬೆಗೆ ಜಿಗಿಯಿತು. ಕೆಲವೇ ತಿಂಗಳಲ್ಲಿ ಬೇರೆ ಗಣಿತ ವಿಧಾನದಿಂದ ಅದನ್ನು ವಾಪಸ್ ತಂದರು. ನೂರಾರು ಲಕ್ಷಣಗಳ ಕೋಷ್ಟಕದಲ್ಲಿ ಒಂದು ಹೊಸ ಸಾಲು ಸೇರಿದ್ದಕ್ಕೇ ಅಲುಗಾಡುವ ಗೆರೆ ಅದು. ಗೆರೆಯ ಎರಡು ಬದಿಯಲ್ಲಿರುವ ಪ್ರಾಣಿಗಳು ಅಷ್ಟೊಂದು ಹೋಲುತ್ತವೆ ಎಂಬುದೇ ಅದರಲ್ಲಿ ತಿಳಿಯಬೇಕಾದ ವಿಷಯ.

ಶಾಲೆಯ ಮಾತು ಇಲ್ಲಿ ಬರಲೇಬೇಕು. ಡೈನೋಸಾರ್‌ಗಳಿಗೆ ಹಾರಲಾಗದಿದ್ದರೂ ಗರಿಯಿತ್ತು, ಹಕ್ಕಿಗಳು ಅದನ್ನು ನಂತರ ಹಾರಾಟಕ್ಕೆ ಬಳಸಿಕೊಂಡವು ಎಂಬ ಸಾಲುಗಳು ಎನ್‌ಸಿಇಆರ್‌ಟಿಯ 10ನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿದ್ದವು. ಹೊರೆ ಇಳಿಸುವ ಹೆಸರಲ್ಲಿ ಜೀವವಿಕಾಸದ ಭಾಗ ಕೈಬಿಟ್ಟಾಗ ಅವೂ ಹೋದವು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಇದನ್ನು ವಿರೋಧಿಸುವ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡವರಿಗೆ ವಿಕಾಸದ ಪಾಠ ಉಳಿದಿದೆ. ಕಾಮರ್ಸ್, ಆರ್ಟ್ಸ್, ಡಿಪ್ಲೊಮಾ ಕಡೆ ಹೋಗುವ ಮಗುವಿಗೆ ಇಲ್ಲ.

ನಕಲಿ, ಉಳಿ, ನೇರಳಾತೀತ ಬೆಳಕು

ಇಷ್ಟು ಬೆಲೆಬಾಳುವ ವಸ್ತುವಿನಲ್ಲಿ ಮೋಸವಿಲ್ಲವೇ ಎಂದು ಕೇಳುವವರು ಇದ್ದೇ ಇರುತ್ತಾರೆ. 1985ರಲ್ಲಿ ಖಗೋಳ ವಿಜ್ಞಾನಿ ಫ್ರೆಡ್ ಹೊಯ್ಲ್ ಮತ್ತು ಸಂಗಡಿಗರು ಲಂಡನ್ ಮಾದರಿಯ ಗರಿಗಳನ್ನು ಸಿಮೆಂಟಿನಂಥ ಲೇಪದಲ್ಲಿ ಒತ್ತಿ ಮಾಡಲಾಗಿದೆ ಎಂದರು. ಮರುವರ್ಷ ಮ್ಯೂಸಿಯಂನವರು ಕೊಟ್ಟ ಉತ್ತರ ಚೊಕ್ಕ. ಕಲ್ಲಿನಲ್ಲಿ ಕೂದಲೆಳೆಯಂಥ ಬಿರುಕುಗಳಿವೆ, ಅವು ಗರಿಯ ಗುರುತನ್ನು ಹಾದುಹೋಗುತ್ತವೆ, ಎರಡು ಹಲಗೆಗಳಲ್ಲೂ ಒಂದಕ್ಕೊಂದು ಸರಿಹೊಂದುತ್ತವೆ. ಜರೀಗಿಡದ ಎಲೆಯಂತೆ ಕವಲೊಡೆಯುವ ಖನಿಜದ ಹೂಗಳೂ ಎರಡು ಕಡೆ ಜೋಡಿಯಾಗಿವೆ. ಲೇಪ ಹಚ್ಚಿದ್ದರೆ ಇವೆಲ್ಲ ಅದರಡಿ ಮುಚ್ಚಿಹೋಗಬೇಕಿತ್ತು. ನಿಜವಾದ ಮೋಸ ನಡೆದದ್ದು 1999ರಲ್ಲಿ, ‘ಆರ್ಕಿಯೊರ‍್ಯಾಪ್ಟರ್’ ವಿಷಯದಲ್ಲಿ. ಚೀನಾದ ಒಂದು ಹಕ್ಕಿಯ ಮೈಗೆ ಮೈಕ್ರೊರ‍್ಯಾಪ್ಟರ್ ಡೈನೋಸಾರ್‌ನ ಬಾಲ ಅಂಟಿಸಿದ್ದರು. ಅದೇ ಬಾಲದ ಎದುರು ಹಲಗೆ ಬೇರೊಂದು ಪಳೆಯುಳಿಕೆಯ ಜೊತೆ ಷು ಷಿಂಗ್ ಕಣ್ಣಿಗೆ ಬಿದ್ದು ಗುಟ್ಟು ರಟ್ಟಾಯಿತು. ಅಂದಿನಿಂದ, ಖರೀದಿಸಿದ ಪಳೆಯುಳಿಕೆಯನ್ನು ಮೊದಲು ಸಿಟಿ ಸ್ಕ್ಯಾನ್‌ಗೆ ಹಾಕದೆ ನಂಬುವವರು ಕಡಿಮೆ.

ಶಿಕಾಗೋದಲ್ಲಿ ಸ್ಕ್ಯಾನ್ ಇನ್ನೊಂದು ಕೆಲಸಕ್ಕೂ ಬಂತು. ದಶಕಗಳ ಕಾಲ ಖಾಸಗಿ ಸಂಗ್ರಹದಲ್ಲಿದ್ದು 2022ರಲ್ಲಿ ಮ್ಯೂಸಿಯಂಗೆ ಬಂದ ಹಲಗೆಯಲ್ಲಿ ಬಹುಪಾಲು ಇನ್ನೂ ಕಲ್ಲಿನೊಳಗೇ ಇತ್ತು. ಯಾವ ಮೂಳೆ ಎಷ್ಟು ಮಿಲಿಮೀಟರ್ ಆಳದಲ್ಲಿದೆ ಎಂದು ಸ್ಕ್ಯಾನ್‌ನಲ್ಲಿ ನೋಡಿಕೊಂಡು ಕೆರೆದರು. ಚರ್ಮ, ಮೆತ್ತೆ, ಗರಿಯಂಥ ಮೃದು ಭಾಗ ಮಾಮೂಲಿ ಬೆಳಕಿನಲ್ಲಿ ಸುಣ್ಣಕಲ್ಲಿನ ಬಣ್ಣಕ್ಕೇ ಸೇರಿಹೋಗುತ್ತದೆ. ನೇರಳಾತೀತ ಬೆಳಕು ಬಿಟ್ಟರೆ ಹೊಳೆಯುತ್ತದೆ. ಹಾಗಾಗಿ ಕೆರೆಯುವಾಗಲೇ ಮತ್ತೆ ಮತ್ತೆ ಆ ದೀಪ ಹಚ್ಚಿ ನೋಡುತ್ತಿದ್ದರು. ಈ ಕೆಲಸಕ್ಕೆ ಒಂದು ವರ್ಷದ ಮೇಲೆ ಹಿಡಿಯಿತು.

ಹಿಂದಿನವರಿಗೆ ಎರಡೂ ಸೌಕರ್ಯ ಇರಲಿಲ್ಲ. ಮೂಳೆ ಕಂಡರೆ ಸಾಕೆಂದು ಸುತ್ತಲ ಕಲ್ಲನ್ನು ಉಳಿಯಲ್ಲಿ ತೆಗೆದ ಕಡೆ ಗರಿಯೂ ಚರ್ಮವೂ ಪುಡಿಯಾಗಿ ಕಸಕ್ಕೆ ಹೋಗಿರಬಹುದಾದ ಜಾಗಗಳಿವೆ, ಅವನ್ನು ಯಾವ ಸ್ಕ್ಯಾನೂ ವಾಪಸ್ ತರದು. ಶಿಕಾಗೋದ್ದೂ ಸೇರಿ ಸಿಕ್ಕ ಮಾದರಿಗಳು ಹದಿನಾಲ್ಕು ಎಂಬ ಲೆಕ್ಕವೂ ಗಟ್ಟಿಯಲ್ಲ. ನೆದರ್ಲೆಂಡ್ಸ್‌ನ ಹಾರ್ಲೆಮ್‌ನಲ್ಲಿರುವುದು ಆರ್ಕಿಯಾಪ್ಟೆರಿಕ್ಸ್ ಅಲ್ಲವೆಂದು 2017ರಲ್ಲಿ ವಾದಿಸಿ ‘ಆಸ್ಟ್ರೋಮಿಯಾ’ ಎಂಬ ಬೇರೆ ಹೆಸರು ಕೊಟ್ಟರು. 1956ರಲ್ಲಿ ಸಿಕ್ಕ ಮ್ಯಾಕ್ಸ್‌ಬರ್ಗ್ ಮಾದರಿಯನ್ನು ಗಣಿಯ ಒಡೆಯ ಎಡುವರ್ಡ್ ಓಪಿಟ್ಷ್ ಕೆಲವು ವರ್ಷ ಪ್ರದರ್ಶನಕ್ಕೆ ಬಿಟ್ಟು, ಆಮೇಲೆ ಮನೆಗೆ ಒಯ್ದ, ಯಾರಿಗೂ ತೋರಿಸಲಿಲ್ಲ. 1991ರಲ್ಲಿ ಅವನು ತೀರಿಕೊಂಡಾಗ ಮನೆಯಲ್ಲಿ ಹುಡುಕಿದರು, ಸಿಗಲಿಲ್ಲ. ಅದರ ಎಕ್ಸ್‌ರೇ, ಫೋಟೊ, ಅಚ್ಚು ಉಳಿದಿವೆ. ಮೇಲ್ದೋಳಿನ ಪಕ್ಕದಲ್ಲಿ ಗರಿ ಇತ್ತೇ ಎಂದು ನೇರಳಾತೀತ ದೀಪ ಹಿಡಿದು ನೋಡಲು ಕಲ್ಲೇ ಇಲ್ಲ.